ರೋಮಾಪುರದ ಬೆಂಕಿಯೂ ಕಾದಂಬರಿಕಾರನ ತೀರ್ಪೂ

ಕ್ರಿ.ಶ. 64ರ ಜುಲೈಯಲ್ಲಿ ರೋಮಾಪುರವನ್ನು ಸುಟ್ಟ ಬೆಂಕಿಯ ಸಂಗತಿಯನ್ನು ನಮ್ಮಲ್ಲಿ ಅನೇಕರು ಚರಿತ್ರೆಯ ಗ್ರಂಥಗಳಿಂದ ತಿಳಿದವರಲ್ಲ. ಪೋಲೆಂಡಿನ ಹೆನ್ರಿಕ್ ಶೆಂಕಿಯೆವಿಚ್ ಬರೆದ ‘ಕ್ವೊ ವಾಡಿಸ್’ ಕಾದಂಬರಿಯಿಂದಲೋ ಅದರ ಚಲನಚಿತ್ರದಿಂದಲೋ ತಿಳಿದವರು. 1896ರಲ್ಲಿ ಗ್ರಂಥರೂಪ ತಾಳಿದ ಆ ಕೃತಿಯಲ್ಲಿ ಅಪರಾಧಿ ಯಾರೆಂಬ ಸಂದೇಹಕ್ಕೆ ಎಡೆಯೇ ಇಲ್ಲ. ಉರಿಯುವ ಪಟ್ಟಣವನ್ನು ಕಂಡು ಕಾವ್ಯ ಹಾಡಬೇಕೆಂಬ ನೀರೋವಿನ ಹುಚ್ಚಾಸೆಯನ್ನು ತಿಗೆಲ್ಲಿನುಸನು ಪೂರೈಸುತ್ತಾನೆ.

ಟಾಸಿಟಸನು ಇಷ್ಟು ನಿಶ್ಚಯವಾಗಿ ನುಡಿಯುವುದಿಲ್ಲ. ರಥಪಂದ್ಯದ ಮಹಾಮೈದಾನದ ಬಳಿಯ ಅಂಗಡಿಗಳಲ್ಲಿ ಹುಟ್ಟಿದ ಬೆಂಕಿ ಆರನೆಯ ದಿನ ತಗ್ಗಿ ಮತ್ತೆ ಹೊತ್ತಿಕೊಂಡಿತು; ಪಟ್ಟಣದ 14 ವಿಭಾಗಗಳಲ್ಲಿ ಉಳಿದವು 4 ಮಾತ್ರ. ಆರಂಭದಲ್ಲಿ ನೀರೋ ಆಂತಿಯುಮಿನಲ್ಲಿದ್ದನು. ಹಿಂದಿರುಗಿ ನಿರಾಶ್ರಿತರಿಗೆ ತನ್ನ ತೋಟಗಳನ್ನು ತೆರೆದನು, ಧಾನ್ಯದ ಬೆಲೆ ಇಳಿಸಿದನು. ಕೆಲವರು ತಮಗೆ ಅಪ್ಪಣೆಯಿದೆಯೆಂದು ಕೂಗುತ್ತ ಬಹಿರಂಗವಾಗಿ ಕೊಳ್ಳಿ ಎಸೆದರಂತೆ. ಸುಲಿಗೆಗಾಗಿಯೋ, ನಿಜವಾದ ಅಪ್ಪಣೆಯಿಂದಲೋ? ಟಾಸಿಟಸನು ಎರಡನ್ನೂ ಬರೆದು ಸುಮ್ಮನಾಗುತ್ತಾನೆ.

ಕಾದಂಬರಿಕಾರನಿಗೆ ಹಾಗೆ ಸುಮ್ಮನಿರಲಾಗದೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಈ ಸಂಗತಿಯಲ್ಲಿ ಕ್ರೈಸ್ತ ಓದುಗರಾದ ನಮಗೆ ಒಂದು ವಿಶೇಷ ಸಂಕಟವಿದೆ. ಟಾಸಿಟಸನು ಹೇಳುವಂತೆ, ಗಾಳಿಮಾತು ಮೊದಲು ಹಿಡಿದದ್ದು ನೀರೋವನ್ನು. ಅದನ್ನು ತೊಲಗಿಸಲಾರದೆ ಅವನು ಕ್ರೈಸ್ತರನ್ನು ಮುಂದೊಡ್ಡಿದನು. ಮೃಗಚರ್ಮ ಹೊದಿಸಲ್ಪಟ್ಟು ನಾಯಿಗಳ ಬಾಯಿಗೆ ಬಿದ್ದವರೂ ಇರುಳಿನ ದೀಪಗಳಾಗಿ ಉರಿದವರೂ ರುಜುವಾತಿಲ್ಲದ ಆಪಾದನೆಯಿಂದ ಸತ್ತವರು. ಅವರನ್ನು ಸ್ಮರಿಸುವ ನಾವೇ ಮೊದಲನೆಯ ಗಾಳಿಮಾತನ್ನು ತೀರ್ಪೆಂದು ಸಂತೋಷದಿಂದ ಓದುತ್ತೇವೆ. ನೀರೋ ದುಷ್ಟನಾಗಿದ್ದದ್ದು ದಿಟ. ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯಲ್ಲಿ ದುಷ್ಟರಿಗೆ ವಿನಾಯಿತಿಯುಂಟೆಂದು ನಾವು ಕಲಿತಿಲ್ಲ.

ಶೆಂಕಿಯೆವಿಚನಿಗೆ ಇದು ಅರ್ಥವಾಗದೆ ಇರಲಿಲ್ಲ. ಜನರ ಕೋಪಕ್ಕೆ ಯಾರನ್ನು ಬಲಿಗೊಡಬೇಕೆಂದು ಅರಮನೆಯಲ್ಲಿ ಆಲೋಚನೆ ನಡೆಯುವ ಭಾಗ ಬಹು ಸಮರ್ಥವಾದದ್ದು. ಅಲ್ಲಿ ಪೆಟ್ರೋನಿಯುಸನು ಕ್ರೈಸ್ತರ ಮೇಲೆ ಅಪವಾದ ಹೊರಿಸಬಾರದೆಂದು ವಾದಿಸುತ್ತಾನೆ. ಇದಕ್ಕಿಂತ ಮೇಲಾಗಿ ನಮಗೆ ತೋರುವುದು ಕ್ರಿಸ್ಪುಸನ ಪ್ರಕರಣ. ಪಟ್ಟಣ ಉರಿಯುತ್ತಿರುವಾಗ ಅವನು ಬೆದರಿದ ವಿಶ್ವಾಸಿಗಳ ನಡುವೆ ನಿಂತು ದೇವರ ಕೋಪದ ದಿನ ಬಂತೆಂದು ಗುಡುಗುತ್ತಾನೆ. ಪೇತ್ರನು ಬಂದು ಸಮಾಧಾನದ ಮಾತಾಡುತ್ತಾನೆ. ಪ್ರವಾಹವೋ ಬೆಂಕಿಯೋ ಆದ ಮುಂದಿನ ಭಾನುವಾರ ನಮ್ಮ ಪೀಠಗಳಿಂದ ಕೇಳಿಬರುವುದು ಇಬ್ಬರಲ್ಲಿ ಯಾರ ದನಿಯೆಂದು ಬೋಧಕರಾದ ನಾವು ಬಲ್ಲೆವು.

ಬೆಂಕಿಯ ವರ್ಣನೆಯಲ್ಲಿ ಕೃತಿ ಸತ್ಯಕ್ಕೆ ಅತಿ ಹತ್ತಿರ ಬರುವುದು, ವಿನಿಕಿಯುಸನು ಲಿಗಿಯಳನ್ನು ಹುಡುಕುತ್ತ ಹೊಗೆಯೊಳಗೆ ನುಗ್ಗುವಲ್ಲಿ. ಅಪರಾಧಿ ಯಾರೆಂದು ಯೋಚಿಸಲು ಅಲ್ಲಿ ಅವನಿಗೆ ಬಿಡುವಿಲ್ಲ. ಟಾಸಿಟಸನ ಬರಹದಲ್ಲೂ ಅಂಥವರಿದ್ದಾರೆ: ಅಶಕ್ತರನ್ನು ಎಳೆದೊಯ್ಯುವವರು, ಅವರಿಗಾಗಿ ಕಾದು ನಿಲ್ಲುವವರು, ದಾರಿ ತೆರೆದಿದ್ದರೂ, ಬಿಡಿಸಲಾಗದೆ ಹೋದ ತಮ್ಮವರ ಮೇಲಣ ಪ್ರೀತಿಯಿಂದ ಅಲ್ಲಿಯೇ ಉಳಿದು ಸತ್ತವರು. ಅವರ ವಿಷಯ ಅವನು ಬರೆದದ್ದು ಒಂದೆರಡು ವಾಕ್ಯ ಮಾತ್ರ.