ವಂಶಾವಳಿಯೇ ಸಾಕ್ಷಿಯಲ್ಲ

ರಿಸ್ಕ್-ಫೈವ್ ಪ್ರೊಸೆಸರಿಗೆ ಯಾರ ಪೇಟೆಂಟಿನ ಹಂಗೂ ಇಲ್ಲ ಎಂಬ ಮಾತು ಬೆಂಗಳೂರಿನ ಚಿಪ್ ವಲಯದಲ್ಲಿ ಬೇರೂರಿದೆ. ಅದಕ್ಕೆ ಆಧಾರವಾಗಿ ಎತ್ತಿ ಹಿಡಿಯುವುದು ಟೋನಿ ಚೆನ್ ಮತ್ತು ಡೇವಿಡ್ ಪ್ಯಾಟರ್ಸನ್ 2016ರಲ್ಲಿ ಬರ್ಕ್ಲಿಯಿಂದ ಹೊರತಂದ ವಂಶಾವಳಿ ವರದಿಯನ್ನು. ಶ್ರದ್ಧೆಯ ಕೆಲಸ ನಿಜ. ಅದಕ್ಕೆ ಸಿಕ್ಕ ಮನ್ನಣೆ ಮಾತ್ರ ಅತಿಯಾಯಿತು.

ರಿಸ್ಕ್-ಫೈವಿನ 122 ಇನ್‌ಸ್ಟ್ರಕ್ಷನ್‌ಗಳನ್ನು ಹಳೆಯ 18 ವಿನ್ಯಾಸಗಳೊಡನೆ ಹೋಲಿಸುವ ಈ ವರದಿ 116ಕ್ಕೆ ಪೂರ್ವಜರನ್ನು ತೋರಿಸುತ್ತದೆ. ಹಳೆಯ ಯಂತ್ರ ಮಾಡಿದ್ದನ್ನೇ ಹಾಗೆಯೇ ಮಾಡುವವನಿಗೆ ಇದು ದೊಡ್ಡ ಆಸರೆ. ಆದರೆ ಪೇಟೆಂಟ್ ಪರಿಶೀಲಕ ಕೇಳುವುದು ಬೇರೆ: ಕ್ಲೇಮಿನ, ಅಂದರೆ ಪೇಟೆಂಟಿನಲ್ಲಿ ಹಕ್ಕು ಕೋರಿದ ವಿವರಣೆಯ, ಪ್ರತಿಯೊಂದು ಅಂಶವೂ, ಅದೇ ಜೋಡಣೆಯಲ್ಲಿ, ಒಂದೇ ಹಳೆಯ ದಾಖಲೆಯಲ್ಲಿ ಇದೆಯೇ?

ಮಿಪ್ಸ್ ಕಂಪನಿಯ 4,814,976ನೇ ಅಮೆರಿಕನ್ ಪೇಟೆಂಟನ್ನು ನೋಡಿ. ಅರ್ಜಿ 1986ರದು, ಮಂಜೂರಾತಿ 1989ರದು. ನಾಲ್ಕು ಬೈಟುಗಳ ದತ್ತಾಂಶ ಮೆಮೊರಿಯ ಎರಡು ಪದಗಳ ಗಡಿಯಲ್ಲಿ ಹಂಚಿಹೋಗಿದ್ದರೆ, ಅದರ ವಿಧಾನದಲ್ಲಿ ಒಂದು ಇನ್‌ಸ್ಟ್ರಕ್ಷನ್ ಎಡತುಂಡನ್ನೂ ಇನ್ನೊಂದು ಬಲತುಂಡನ್ನೂ ತಂದು ಒಂದೇ ರಿಜಿಸ್ಟರಿನಲ್ಲಿ ಕೂಡಿಸುತ್ತವೆ. ಐಬಿಎಂ ಸಿಸ್ಟಂ/370 ಅಂಥ ದತ್ತಾಂಶವನ್ನು ಮೊದಲೇ ಓದುತ್ತಿತ್ತು. ಫಲ ಒಂದೇ. ಆದರೆ ಅಲ್ಲಿ ಒಂದೇ ಇನ್‌ಸ್ಟ್ರಕ್ಷನ್. ತುಂಡು ಕೂಡಿಸುವುದು ಯಂತ್ರದ ಒಳಗಿನ ವ್ಯವಹಾರ. ಎರಡು ಇನ್‌ಸ್ಟ್ರಕ್ಷನ್‌ಗಳ ಈ ಜೋಡಿಯ ಹೊಸತನ ಅಷ್ಟರಿಂದ ಅಳಿಯದು. ಪರಿಣತನಿಗೆ ಇದು ಸಹಜವಾಗಿ ಹೊಳೆಯುತ್ತಿತ್ತು ಎಂದು ವಾದಿಸಬಹುದು. ಆ ವಾದಕ್ಕೆ ಬೇರೆಯೇ ಪುರಾವೆ ಬೇಕು. ಈ ಇನ್‌ಸ್ಟ್ರಕ್ಷನ್‌ಗಳನ್ನು ಹಾರ್ಡ್‌ವೇರಿನಲ್ಲಿ ಕೈಬಿಟ್ಟಿದ್ದ ಲೆಕ್ಸ್ರಾ ಕಂಪನಿಯೂ ಮಿಪ್ಸ್ ಹೂಡಿದ ಮೊಕದ್ದಮೆಗೆ ಸಿಕ್ಕಿ 2001ರಲ್ಲಿ ರಾಜಿಗೆ ಬಂತು. ವಂಶಾವಳಿ ವರದಿಯ ಕೋಷ್ಟಕದ ಒಂದು ಗುರುತು ಇಷ್ಟು ಸೂಕ್ಷ್ಮವನ್ನು ಹೇಗೆ ಹಿಡಿದೀತು?

ಅರಿಸಿನದ ಅಮೆರಿಕನ್ ಪೇಟೆಂಟ್ ರದ್ದಾಗಲಿಲ್ಲವೇ, ಹಳೆಯದೆಂದು ತೋರಿಸಿದರೆ ಸಾಕಲ್ಲವೇ ಎನ್ನುವ ವಿಮರ್ಶಕರಿದ್ದಾರೆ. ಅದು 1997ರಲ್ಲಿ ಬಿದ್ದದ್ದು ಸಿಎಸ್‌ಐಆರ್ ಹಳೆಯ ಮುದ್ರಿತ ದಾಖಲೆಗಳನ್ನು ಕ್ಲೇಮಿನ ಎದುರಿಗೆ ಇಟ್ಟದ್ದರಿಂದ. ಮನೆಮದ್ದೆಂಬ ಖ್ಯಾತಿಯೊಂದೇ ಸಾಲುತ್ತಿರಲಿಲ್ಲ. ಇನ್ನು ಕೆಲವರು 1970ರ ನಮ್ಮ ಕಾಯ್ದೆಯ 3(ಕೆ) ಕಲಮಿನ ಮರೆಗೆ ಹೋಗುತ್ತಾರೆ: ಕಂಪ್ಯೂಟರ್ ಪ್ರೋಗ್ರಾಮಿಗೆ ಪೇಟೆಂಟ್ ಇಲ್ಲವಂತೆ, ಆದ್ದರಿಂದ ಚಿಂತೆಯೂ ಇಲ್ಲವಂತೆ. ಇನ್‌ಸ್ಟ್ರಕ್ಷನನ್ನು ನಡೆಸುವ ಸರ್ಕ್ಯೂಟ್ ಪ್ರೋಗ್ರಾಮಲ್ಲ. ಇಲ್ಲಿ ವಿನ್ಯಾಸಗೊಂಡ ಚಿಪ್ ಅಮೆರಿಕದಲ್ಲಿ ಮಾರಾಟವಾದರೆ ಅಲ್ಲಿನ ಕಾನೂನೇ ಅನ್ವಯ. ಈ ಎರಡೂ ವಾದಗಳು ಕ್ಲೇಮನ್ನು ಓದುವ ಶ್ರಮ ತಪ್ಪಿಸುವ ದಾರಿಗಳು.

ಸಾಸ್ವೆಹಳ್ಳಿ, ಹೊನ್ನಾಳಿ, ಜಗಳೂರಿನಿಂದ ಬಂದು ಚಿಪ್ ವಿನ್ಯಾಸ ಕಲಿಯುವ ಮಕ್ಕಳು ಈ ವರದಿಯನ್ನು ಓದಲಿ. ಓದಿದ ಮೇಲೆ ಕ್ಲೇಮನ್ನು ಅಂಶ ಅಂಶವಾಗಿ ಬಿಡಿಸಿ, ಪ್ರತಿಯೊಂದಕ್ಕೂ ಅರ್ಜಿಯ ದಿನಾಂಕಕ್ಕಿಂತ ಹಿಂದಿನ ಕೈಪಿಡಿಯ ಪುಟವನ್ನು ತಾವೇ ಹುಡುಕಲಿ. ವರದಿ ಆ ಹುಡುಕಾಟಕ್ಕೆ ಒಳ್ಳೆಯ ಆರಂಭ. ತೀರ್ಪಿನ ಜಾಗದಲ್ಲಿ ಅದನ್ನು ಕೂರಿಸಬಾರದು.