ಸೋರುವ ಕಾರಿಗೆ ಅಂಟೇ ಮದ್ದೇ?

ಜೂನ್ ಹತ್ತಿರವಾದಂತೆ ಕರಾವಳಿಯಲ್ಲಿ ಹಳೆಯ ಅಂಬಾಸಿಡರನ್ನೋ ಪ್ರೀಮಿಯರ್ ಪದ್ಮಿನಿಯನ್ನೋ ಜತನದಿಂದ ಇಟ್ಟುಕೊಂಡವರು ಗ್ಯಾರೇಜಿನ ದಾರಿ ಹಿಡಿಯುತ್ತಾರೆ. ಅಲ್ಲಿ ಸಿಗುವ ಉಪಚಾರ ಹೆಚ್ಚುಕಡಿಮೆ ಒಂದೇ ಬಗೆಯದು. ಗಾಜಿನ ಸುತ್ತ ಸಿಲಿಕೋನ್, ತೂತು ಕಂಡಲ್ಲಿ ಎಂ-ಸೀಲ್, ಅಡಿಗೆ ದಪ್ಪನೆಯ ಕಪ್ಪು ಕೋಟಿಂಗ್, ಮೇಲೆ ಪುಟ್ಟಿ ತಿಕ್ಕಿ ಪೇಂಟ್. ಮಳೆಗಾಲ ಮುಗಿಯುವ ಹೊತ್ತಿಗೆ ಮ್ಯಾಟ್ ಎತ್ತಿದರೆ ಮತ್ತೆ ನೀರು. ಕೆಲಸದವನ ಕೈ ಸರಿಯಿಲ್ಲ ಎಂದು ಬೈಯುವುದು ಸುಲಭ. ಆದರೆ ಕೆಟ್ಟಿರುವುದು ಕೈಯಲ್ಲ, ಈ ಪದ್ಧತಿಯ ಹಿಂದಿನ ತಿಳಿವಳಿಕೆ. ನೀರನ್ನು ಪೂರ್ತಿ ಹೊರಗಿಡಬಹುದು ಎಂದು ಅದು ನಂಬಿದೆ. ಈ ಕಾರುಗಳನ್ನು ಮಾಡಿದವರು ಹಾಗೆ ನಂಬಿರಲಿಲ್ಲ.

ಬಾಗಿಲನ್ನೇ ನೋಡಿ. ಏರಿಳಿಯುವ ಗಾಜಿನ ಅಂಚಿನಲ್ಲಿ ನೀರು ಒಳಗಿಳಿಯುವುದು ಸಹಜ. ಅದು ಬಾಗಿಲಿನ ಟೊಳ್ಳಿನಲ್ಲಿ ಹರಿದು, ತಳದ ಸಣ್ಣ ತೂತುಗಳಿಂದ ನೆಲಕ್ಕೆ ಬೀಳಬೇಕು. ಒಳಗಿನ ರೆಕ್ಸಿನ್ ಪ್ಯಾನೆಲ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇದ್ದರೆ ಆ ನೀರು ಸೀಟಿನ ಕಡೆ ಬರುವುದಿಲ್ಲ. ಗಾಜಿನ ಹ್ಯಾಂಡಲ್ ರಿಪೇರಿಗೆ ಪ್ಯಾನೆಲ್ ಬಿಚ್ಚಿದವರು ಆ ಹಾಳೆಯನ್ನು ಹರಿದು ಬಿಸಾಡಿರುತ್ತಾರೆ. ತಳದ ತೂತು ಮಣ್ಣಿನಿಂದಲೋ ಹೊಸ ಪೇಂಟಿನಿಂದಲೋ ಮುಚ್ಚಿರುತ್ತದೆ. ಆಮೇಲೆ ಗಾಜಿನ ಅಂಚಿಗೆ ಎಷ್ಟು ಅಂಟು ಹಚ್ಚಿದರೇನು? ನಮ್ಮ ಹಂಚಿನ ಮಾಡಿಗೆ ಯಾರೂ ಅಂಟು ಹಾಕುವುದಿಲ್ಲ. ಒಂದರ ಮೇಲೊಂದು ಹೊದಿಸಿ, ಇಳಿಜಾರು ಕೊಟ್ಟು, ನೀರಿಗೆ ದಾರಿ ಬಿಡುತ್ತಾರೆ. ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಸುರಿಯುವ ಮಂಗಳೂರಿನ ಗ್ಯಾರೇಜಿಗೆ ಇದನ್ನು ಹೇಳಿಕೊಡಬೇಕಾಗಿ ಬಂದಿರುವುದು ಸೋಜಿಗವೇ.

ಸಿಲಿಕೋನಿನ ವಿಷಯದಲ್ಲಿ ನನಗೆ ದಾಕ್ಷಿಣ್ಯವಿಲ್ಲ. ವಿನೆಗರಿನಂತೆ ವಾಸನೆ ಬರುವ ಅಗ್ಗದ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಬರಿ ಕಬ್ಬಿಣದ ಮೇಲೆ ಹಚ್ಚಿದರೆ ತುಕ್ಕಿಗೆ ನಾವೇ ಆಹ್ವಾನ ಕೊಟ್ಟಂತೆ. ಅದನ್ನು ಕೆರೆದು ತೆಗೆದರೂ ಉಳಿದ ಪಸೆಯ ಮೇಲೆ ಪೇಂಟ್ ಹಿಡಿಯುವುದಿಲ್ಲ. ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಹೊಸದನ್ನು ಹಾಕಿಸುವುದೊಂದೇ ದಾರಿ. ಹಾಕುವಾಗ ಗಾಜು ಇಳಿಸಿ, ಚೌಕಟ್ಟಿನ ತುಕ್ಕು ತೆಗೆದು ಪ್ರೈಮರ್ ಹೊಡೆಯದಿದ್ದರೆ ಅದೂ ವ್ಯರ್ಥ.

ಅಡಿಯ ಕಪ್ಪು ಕೋಟಿಂಗನ್ನು ಮಾತ್ರ ಸಾರಾಸಗಟಾಗಿ ಹಳಿಯಲಾರೆ. ಚೊಕ್ಕ ಲೋಹದ ಮೇಲೆ, ಪ್ರೈಮರ್ ಆದ ನಂತರ ಬಳಿದರೆ ಚಕ್ರದಿಂದ ಸಿಡಿಯುವ ಜಲ್ಲಿಯಿಂದ ಅದು ಕಾಪಾಡುತ್ತದೆ. ಆದರೆ ನಡೆಯುವುದೇನು? ನೀರು ಹೊಡೆದು ತೊಳೆದು, ಅರ್ಧ ಒಣಗಿದ ತುಕ್ಕಿನ ಮೇಲೇ ಬಳಿಯುತ್ತಾರೆ. ಕೆಲವು ವರ್ಷಗಳಲ್ಲಿ ಕೋಟಿಂಗ್ ಒಣಗಿ ಸೀಳುತ್ತದೆ, ಸೀಳಿನಿಂದ ಉಪ್ಪುಗಾಳಿಯ ತೇವ ಒಳಹೊಕ್ಕು ಹೊರಬರಲಾರದೆ ಕೂರುತ್ತದೆ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗುವುದರಿಂದ, ಎರಡು ತಗಡು ಕೂಡುವ ಸಂದಿಗಳು ಒಳಗಿಂದಲೇ ಉಬ್ಬಿ ಬಿಚ್ಚಿಕೊಳ್ಳುತ್ತವೆ. ಹೊರಗೆ ಎಲ್ಲವೂ ಕಪ್ಪಗೆ, ಮಟ್ಟಸ.

ಹಳಬರು ಹಚ್ಚುತ್ತಿದ್ದ ಕರಿ ಆಯಿಲನ್ನು ಕಂಡು ಇಂದಿನ ಹವ್ಯಾಸಿಗಳು ಮೂಗು ಮುರಿಯುತ್ತಾರೆ. ತಗಡಿನ ಮಟ್ಟಿಗೆ ಹೇಳುವುದಾದರೆ ಅದು ಈ ಕೋಟಿಂಗಿಗಿಂತ ಬುದ್ಧಿವಂತ ಉಪಾಯ. ಗಟ್ಟಿಯಾಗದೆ ಸಂದಿಗೆ ನುಸುಳುತ್ತದೆ, ತುಕ್ಕನ್ನು ಮರೆಮಾಡುವುದಿಲ್ಲ. ಆದರೆ ಎಂಜಿನಿನಲ್ಲಿ ಹುಟ್ಟಿದ ಆಮ್ಲಗಳೂ ಅದರಲ್ಲಿರುತ್ತವೆ, ರಬ್ಬರ್ ಬುಷ್‌ಗಳನ್ನು ಕೆಡಿಸುತ್ತದೆ, ತೊಟ್ಟಿಕ್ಕಿ ಅಂಗಳಕ್ಕಿಳಿದು ಬಾವಿ ನೀರಿಗೂ ಸೇರಬಹುದು. ಇದೇ ಗುಣವನ್ನು ಕೊಳೆಯಿಲ್ಲದೆ ಕೊಡುವ ಮೇಣದ ದ್ರಾವಣಗಳು ಸಿಗುತ್ತವೆ. ಉದ್ದನೆಯ ನಳಿಗೆಯಿಂದ ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಟೊಳ್ಳಿಗೆ ಅವನ್ನು ಸಿಂಪಡಿಸಿದರೆ ಕಣ್ಣಿಗೆ ಕಾಣದ ಕಡೆ ರಕ್ಷಣೆ.

ಈ ಎರಡು ಕಾರುಗಳಲ್ಲಿ ಆ ಟೊಳ್ಳೇ ಮುಖ್ಯ. ಮಾರಿಸ್ ಆಕ್ಸ್‌ಫರ್ಡಿನಿಂದ ಹುಟ್ಟಿ 2014ರವರೆಗೆ ಉತ್ತರಪಾಡಾದಲ್ಲಿ ತಯಾರಾದ ಅಂಬಾಸಿಡರಿಗೂ, ಫಿಯೆಟ್ 1100ರ ಸಂತಾನವಾದ ಪದ್ಮಿನಿಗೂ ಬೇರೆ ಚಾಸಿಸ್ ಇಲ್ಲ. ಬಾಡಿಯೇ ಭಾರ ಹೊರುತ್ತದೆ. ಮಡ್‌ಗಾರ್ಡಿನ ತುಕ್ಕು ಅಂದ ಕೆಡಿಸಬಹುದು, ಲೀಫ್ ಸ್ಪ್ರಿಂಗ್ ಕಚ್ಚಿಕೊಂಡಿರುವ ಜಾಗದ ತುಕ್ಕು ಜೀವಕ್ಕೇ ಕುತ್ತು. ಅಲ್ಲಿ ಕೊಳೆತ ತಗಡನ್ನು ಕತ್ತರಿಸದೆ ಅದರ ಮೇಲೇ ಹೊಸ ಪ್ಲೇಟ್ ವೆಲ್ಡ್ ಮಾಡುವ ಟಿಂಕರಿಂಗ್ ನಮ್ಮಲ್ಲಿ ಬಲು ಸಾಮಾನ್ಯ. ಎರಡು ಪದರದ ನಡುವೆ ತೇವಕ್ಕೆ ಮನೆ ಕಟ್ಟಿಕೊಟ್ಟಂತಾಯಿತು, ಅಷ್ಟೇ.

ಸೋರಿಕೆ ಹುಡುಕುವ ಕೆಲಸದಲ್ಲಂತೂ ತಾಳ್ಮೆ ಎಲ್ಲೂ ಕಾಣದು. ನೀರು ಕಂಡ ಜಾಗವೇ ನೀರು ಹೊಕ್ಕ ಜಾಗ ಎಂದುಕೊಳ್ಳುತ್ತಾರೆ. ಕಾರಿನ ಮಾಡಿನ ಅಂಚಿನಲ್ಲಿ ನೀರು ಹರಿಯುವ ತೋಡಿನ ಸೀಲಂಟ್ ಬಿರುಕು ಬಿಟ್ಟರೆ ನೀರು ಕಂಬದೊಳಗೆ ಇಳಿದು ಡ್ರೈವರನ ಕಾಲ ಬುಡದಲ್ಲಿ ಕಾಣಿಸಿಕೊಳ್ಳಬಹುದು. ಮ್ಯಾಟ್ ತೆಗೆದು, ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂತು, ಇನ್ನೊಬ್ಬರು ಪೈಪಿನಲ್ಲಿ ಸಣ್ಣಗೆ ನೀರು ಬಿಡುತ್ತ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೇಲಿನಿಂದ ಶುರು ಮಾಡಿದರೆ ಇಡೀ ಕಾರು ತೊಯ್ದು ಏನೂ ತಿಳಿಯುವುದಿಲ್ಲ. ಮ್ಯಾಟ್ ಕೆಳಗಿನ ಸೆಣಬಿನ ಹಾಸು ತಿಂಗಳುಗಟ್ಟಲೆ ನೀರು ಹೀರಿ ಕೂತಿರುತ್ತದೆ. ಒಣಗಿಸುವ ಆಸೆ ಬಿಟ್ಟು ಎಸೆದುಬಿಡುವುದೇ ಲೇಸು.

ಗ್ಯಾರೇಜಿನವರನ್ನಷ್ಟೇ ದೂರಿ ಫಲವಿಲ್ಲ. ತಂತಿಯಿಂದ ತೂತು ಬಿಡಿಸಿದ್ದಕ್ಕೆ, ಅರ್ಧ ದಿನ ಪೈಪು ಹಿಡಿದು ನಿಂತದ್ದಕ್ಕೆ ಬಿಲ್ ಬರೆದರೆ ಯಾರು ಕೊಡುತ್ತಾರೆ? ಕಪ್ಪಗೆ ಮಿಂಚುವ ಅಡಿಗಾದರೆ ಚೌಕಾಸಿಯಿಲ್ಲದೆ ಕೊಡುತ್ತೇವೆ. ಕೋಟಿಂಗಿಗೆ ಮೊದಲು, ತುಕ್ಕು ತೆಗೆದ ಬರಿ ತಗಡನ್ನು ಮಾಲೀಕರಿಗೆ ತೋರಿಸಿಯೇ ಮುಂದುವರಿಯುವ ಗ್ಯಾರೇಜು ಸಿಕ್ಕರೆ, ಅಲ್ಲಿ ಕೇಳಿದ ಕೂಲಿ ದುಬಾರಿಯಲ್ಲ.