ಕರಬೂಜ, ನಿಂಬೆ, ನಾಲ್ಕು ಎಲೆ

ಕರಬೂಜಕ್ಕೆ ಪರಿಮಳವಿದೆ, ಹುಳಿಯಿಲ್ಲ. ನಿಂಬೆಗೆ ಹುಳಿಯಿದೆ, ಪರಿಮಳವೂ ಇದೆ, ಮೈಯಿಲ್ಲ. ನೀರಿಗೆ ಬಿದ್ದರೆ ತೆಳ್ಳಗಾಗಿ ಎಲ್ಲೋ ಕರಗಿಹೋಗುತ್ತದೆ. ಇವೆರಡನ್ನೂ ಒಂದೇ ಪಾತ್ರೆಗೆ ಹಾಕಬೇಕೆಂದು ಮೊದಲು ಯಾರಿಗೆ ಹೊಳೆಯಿತೋ, ಅವರಿಗೆ ಹಳೆ ಮೈಸೂರು ಸೀಮೆಯ ಚೈತ್ರ, ವೈಶಾಖಗಳು ಋಣಿಯಾಗಿರಬೇಕು. ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುವ ಇಂಥ ಜೋಡಿ ಹಣ್ಣಿನ ಅಂಗಡಿಯಲ್ಲಿ ಹೆಚ್ಚು ಸಿಗುವುದಿಲ್ಲ. ಮಾವಿಗೆ ಯಾರ ಹಂಗೂ ಬೇಡ, ಕಲ್ಲಂಗಡಿಯನ್ನು ಕೊಯ್ದು ತಿನ್ನುವುದೇ ಸರಿ. ಕರಬೂಜ ಮಾತ್ರ ಹೋಳಾಗಿ ತಿಂದಾಗ ಏನೋ ಒಂದು ಬಾಕಿ ಉಳಿಯಿತು ಅನ್ನಿಸುವ ಹಣ್ಣು. ಆ ಬಾಕಿ ತೀರುವುದು ಪಾನಕದಲ್ಲಿ.

ಪಾನಕ ಎಂದಾಕ್ಷಣ ನಮ್ಮ ಕಡೆಯವರಿಗೆ ನೆನಪಾಗುವುದು ರಾಮನವಮಿ. ಬೀದಿಬೀದಿಯ ಚಪ್ಪರದಲ್ಲಿ ಕೊಳದಪ್ಪಲೆ ತುಂಬ ಪಾನಕ, ಪಕ್ಕದಲ್ಲಿ ನೀರುಮಜ್ಜಿಗೆ, ದೊನ್ನೆಯಲ್ಲಿ ಕೋಸಂಬರಿ. ಬೆಂಗಳೂರಿನಲ್ಲಿ ಈ ಪಾನಕಕ್ಕೆ ಸಂಗೀತದ ನೆಂಟಸ್ತಿಕೆಯೂ ಇದೆ. ಚಾಮರಾಜಪೇಟೆಯಲ್ಲಿ 1939ರಲ್ಲಿ ಹುಟ್ಟಿದ ಶ್ರೀ ರಾಮಸೇವಾ ಮಂಡಳಿಯ ಕಛೇರಿಗಳನ್ನು ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಕೇಳುತ್ತ ಬೆಳೆದವರಿಗೆ ಬೇಸಿಗೆಯ ಸಂಜೆ ಎಂದರೆ ರಾಗವೂ ಹೌದು, ಏಲಕ್ಕಿಯ ವಾಸನೆಯೂ ಹೌದು. ಆ ಚಪ್ಪರದ ಪಾನಕ ಬೆಲ್ಲದ್ದು. ಶುಂಠಿ, ಏಲಕ್ಕಿ, ಕಾಳುಮೆಣಸು ಹಾಕಿದ್ದು. ಸಾವಿರ ಜನಕ್ಕೆ ಹಂಚುವುದಕ್ಕೆ ಅದೇ ಸೈ. ನಾನು ಹೇಳಹೊರಟಿರುವುದು ಮನೆಯಲ್ಲಿ ನಾಲ್ಕು ಲೋಟಕ್ಕೆಂದು ಮಾಡಿಕೊಳ್ಳುವ, ಹಬ್ಬವಿಲ್ಲದ ದಿನದ ಪಾನಕದ ಸಂಗತಿ. ಅದಕ್ಕೆ ಬೆಲ್ಲ ಬೇಡ.

ಈ ಮಾತಿಗೆ ಮನೆಯ ಹಿರಿಯರು ಮುನಿಯಬಹುದು. ಬೆಲ್ಲದ ಮೇಲೆ ನನಗೇನೂ ದ್ವೇಷವಿಲ್ಲ. ಬೇಲದ ಹಣ್ಣಿನ ಪಾನಕಕ್ಕೆ ಬೆಲ್ಲವೇ ಆಗಬೇಕು. ಬೇಲದ ಆ ಒಗರು, ಆ ಮದವೇರಿದ ವಾಸನೆ ಬೆಲ್ಲಕ್ಕೆ ಸರಿಸಮ. ಹುಣಸೆಗೂ ಶುಂಠಿಗೂ ಬೆಲ್ಲ ಒಗ್ಗುತ್ತದೆ. ಆದರೆ ನಿಂಬೆಯ ಪರಿಮಳ ತೆಳು, ಕರಬೂಜದ್ದು ಇನ್ನೂ ತೆಳು. ಬೆಲ್ಲ ಬಂತೆಂದರೆ ಅವೆರಡೂ ಗೋಡೆಗಾನಿಸಿಕೊಂಡು ನಿಲ್ಲುತ್ತವೆ. ಇಲ್ಲಿ ಸಕ್ಕರೆಯೇ ಲೇಸು. ಪುಡಿಮಾಡಿದ ಕಲ್ಲುಸಕ್ಕರೆ ಇನ್ನೂ ಲೇಸು. ಸಿಹಿ ಮಾತ್ರ ಕೊಟ್ಟು ಬೇರೇನೂ ಹೇಳದ ವಸ್ತು ಬೇಕು.

ನಿಂಬೆ ಎಲ್ಲಿಯದಾದರೂ ಆದೀತು, ಆದರೆ ವಿಜಯಪುರ ಜಿಲ್ಲೆಯ ಇಂಡಿಯ ಲಿಂಬೆ ಸಿಕ್ಕರೆ ಬಿಡಬೇಡಿ. ಭೀಮಾತೀರದ ಆ ಬಿಸಿಲನ್ನು ಕುಡಿದು ಬೆಳೆದ ಹಣ್ಣು. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದದ್ದು. ಲಿಂಬೆಗೆಂದೇ ಒಂದು ಅಭಿವೃದ್ಧಿ ಮಂಡಳಿಯನ್ನು ಸರ್ಕಾರ ಆ ಊರಿನಲ್ಲಿ ಇಟ್ಟಿದೆ. ಹಣ್ಣು ಆರಿಸುವಾಗ ಗಾತ್ರ ನೋಡಬೇಡಿ, ಸಿಪ್ಪೆ ನೋಡಿ. ತೆಳ್ಳಗೆ, ನುಣುಪಾಗಿ, ಕೈಗೆ ತೂಕವಾಗಿ ಇದ್ದರೆ ರಸ ತುಂಬಿದೆ ಎಂದರ್ಥ. ಹೊರದೇಶದ ಪುಸ್ತಕಗಳಲ್ಲಿ ಬರುವ ಲೆಮನ್ ಬೇರೆ ಹಣ್ಣು: ದೊಡ್ಡದು, ದಪ್ಪ ಸಿಪ್ಪೆಯದು, ಹುಳಿಯೂ ಕೊಂಚ ಸಾಧು. ಆ ಪುಸ್ತಕದ ಲೆಕ್ಕದಂತೆ ಒಂದಕ್ಕೊಂದು ನಮ್ಮ ನಿಂಬೆ ಹಾಕಿದರೆ ರಸ ಅರ್ಧಕ್ಕೇ ನಿಲ್ಲುತ್ತದೆ. ಒಂದು ಲೀಟರ್ ಪಾನಕಕ್ಕೆ ನಮ್ಮ ಮಧ್ಯಮ ಗಾತ್ರದವು ನಾಲ್ಕು ಬೇಕು.

ನಿಂಬೆಯ ನಿಜವಾದ ಸಿರಿ ಇರುವುದು ರಸದಲ್ಲಲ್ಲ, ಸಿಪ್ಪೆಯಲ್ಲಿ. ಇದನ್ನು ನಮ್ಮ ಉಪ್ಪಿನಕಾಯಿ ಬಲ್ಲದು, ನಮ್ಮ ಪಾನಕ ಅಷ್ಟಾಗಿ ಅರಿಯದು. ರಸದಲ್ಲಿ ಇರುವುದು ಮುಖ್ಯವಾಗಿ ಸಿಟ್ರಿಕ್ ಆಮ್ಲ. 1784ರಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಕಾರ್ಲ್ ವಿಲ್ಹೆಲ್ಮ್ ಶೀಲೆ ನಿಂಬೆರಸದಿಂದ ಅದನ್ನು ಹರಳಾಗಿಸಿ ತೆಗೆದ. ಇಂದು ಅಂಗಡಿಯ ಶರಬತ್ತಿನ ಪೊಟ್ಟಣದಲ್ಲಿ ಆ ಹರಳೇ ನಿಂಬೆಯ ವೇಷ ಹಾಕಿಕೊಂಡು ಕೂತಿರುತ್ತದೆ. ಹುಳಿ ಇರುತ್ತದೆ, ನಿಂಬೆ ಇರುವುದಿಲ್ಲ. ಘಮವೆಲ್ಲ ಸಿಪ್ಪೆಯ ಮೇಲ್ಪದರದ ಸಣ್ಣ ಸಣ್ಣ ಎಣ್ಣೆ ಚೀಲಗಳಲ್ಲಿ. ಆದ್ದರಿಂದ ಕೊಯ್ಯುವ ಮೊದಲು ಎರಡು ಹಣ್ಣಿನ ಹೊರಮೈಯನ್ನು ಸಣ್ಣ ತುರಿಮಣೆಗೆ ಹಗುರವಾಗಿ ಒರೆಸಿ, ಬಣ್ಣದ ಪದರ ಮಾತ್ರ ಬರುವಷ್ಟು. ಅದರ ಕೆಳಗಿನ ಬಿಳಿಯ ಭಾಗ ಬಂದರೆ ಕಹಿ. ಆ ತುರಿಯನ್ನು ಸುಮಾರು ನೂರು ಗ್ರಾಂ ಸಕ್ಕರೆಗೆ ಹಾಕಿ ಬೆರಳ ತುದಿಯಿಂದ ತಿಕ್ಕಿ. ಸಕ್ಕರೆ ಎಣ್ಣೆಯನ್ನು ಎಳೆದುಕೊಳ್ಳುತ್ತದೆ, ಒದ್ದೆ ಮರಳಿನಂತಾಗುತ್ತದೆ, ನಸುಹಳದಿಗೆ ತಿರುಗುತ್ತದೆ. ಅರ್ಧ ಗಂಟೆ ಮುಚ್ಚಿಡಿ. ಮುಚ್ಚಳ ತೆಗೆದಾಗ ಬರುವ ವಾಸನೆಗೆ, ಪಾನಕ ಮಾಡುವ ಮೊದಲೇ ಅರ್ಧ ದಾಹ ತೀರಿದ ಹಾಗಾಗುತ್ತದೆ. ಅಡುಗೆಮನೆಯಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಹೆಚ್ಚು ಫಲ ಕೊಡುವ ಇನ್ನೊಂದು ಕೆಲಸ ನನಗೆ ಗೊತ್ತಿಲ್ಲ.

ರಸ ಹಿಂಡುವಾಗ ಜಿಪುಣತನ ಸಲ್ಲದು. ಕೊನೆಯ ಹನಿಯವರೆಗೂ ಹಿಂಡಿದರೆ ಸಿಪ್ಪೆಯ ಕಹಿಯೂ ಇಳಿಯುತ್ತದೆ. ಬೀಜ ಕೂಡಲೇ ತೆಗೆಯಬೇಕು. ರಸದಲ್ಲಿ ನೆನೆದ ಬೀಜದ ಕಹಿ ಕುಡಿದಾಗಲ್ಲ, ಸ್ವಲ್ಪ ಹೊತ್ತಿನ ಮೇಲೆ ನಾಲಿಗೆಯ ಹಿಂಬದಿಯಲ್ಲಿ ತಲೆಯೆತ್ತುತ್ತದೆ. ಪಾತ್ರೆ ಗಾಜಿನದೋ ಪಿಂಗಾಣಿಯದೋ ಮಣ್ಣಿನದೋ ಇರಲಿ. ಕಲಾಯಿ ಹೋದ ಹಿತ್ತಾಳೆ, ತಾಮ್ರಗಳು ನೋಡಲು ಚೆಂದ, ಆದರೆ ಹುಳಿ ಲೋಹವನ್ನು ಕರಗಿಸಿಕೊಳ್ಳುತ್ತದೆ.

ಕರಬೂಜದ ವಿಷಯದಲ್ಲಿ ಹೇಳುವುದು ಕಡಿಮೆ. ಮೂಸಿ ಕೊಳ್ಳಿ. ತೊಟ್ಟಿನ ಕಡೆ ಮೂಗಿಟ್ಟರೆ ಹಣ್ಣು ತಾನೇ ಹೇಳುತ್ತದೆ. ಒಂದು ಪುಟ್ಟ ಹಣ್ಣು ಸಾಕು. ಬೀಜದ ಸುತ್ತಲಿನ ಲೋಳೆಯಂಥ ಭಾಗವನ್ನು ಎಸೆಯುವವರಿದ್ದಾರೆ, ಪಾಪ. ಅತಿ ಹೆಚ್ಚು ರಸ, ಅತಿ ಹೆಚ್ಚು ಘಮ ಇರುವುದು ಅಲ್ಲಿಯೇ. ಜರಡಿಯ ಮೇಲೆ ತಿಕ್ಕಿ ಇಳಿಸಿಕೊಳ್ಳಿ. ತಿರುಳನ್ನು ಮಿಕ್ಸಿಗೆ ಹಾಕಿದರೆ ನೊರೆಯೇಳುತ್ತದೆ, ಬಾಯಿಗೆ ಸಿಗುವುದೇನೂ ಉಳಿಯುವುದಿಲ್ಲ. ಕಡೆಗೋಲಿನಿಂದ ಮಸೆಯಿರಿ. ಅಲ್ಲಲ್ಲಿ ಒಂದೊಂದು ಚೂರು ಹಲ್ಲಿಗೆ ಸಿಕ್ಕರೆ ಪಾನಕ ಅನ್ನುವುದಕ್ಕೊಂದು ಅರ್ಥ.

ಇನ್ನು ಎಲೆ. ಪಾನಕ ಗೆಲ್ಲುವುದೂ ಸೋಲುವುದೂ ಇಲ್ಲೇ.

ಈಚೆಗೆ ಪಾನಕಕ್ಕೆ ಸೊಪ್ಪು ಅಂದರೆ ಪುದೀನ ಅನ್ನುವಂತಾಗಿದೆ. ಹೋಟೆಲಿನ ಲೋಟಗಳಲ್ಲಿ ಪುದೀನದ ಒಂದು ಪೊದೆಯೇ ಬೆಳೆದು ನಿಂತಿರುತ್ತದೆ. ಕುಡಿಯುವವನು ಮೊದಲು ಮೂಗಿನಿಂದ ದಾರಿ ಮಾಡಿಕೊಳ್ಳಬೇಕು. ಪುದೀನಕ್ಕೆ ಗಂಟಲು ದೊಡ್ಡದು. ನಿಂಬೆ ಒಂದೇ ಇದ್ದಾಗ ಅದು ಸಹ್ಯ, ಕರಬೂಜದ ಜೊತೆ ಬಂದರೆ ಕರಬೂಜದ ಮಾತು ಯಾರಿಗೂ ಕೇಳಿಸದು. ತುಳಸಿ ಇನ್ನೊಂದು ತರಹ. ಲವಂಗದಲ್ಲಿರುವ ಯೂಜಿನಾಲ್ ಅದರಲ್ಲೂ ಇದೆ; ಹಾಗಾಗಿ ನಾಲ್ಕೆಲೆ ಹೆಚ್ಚಾದರೆ ಪಾನಕ ಕಷಾಯದ ಮನೆಯ ಬಾಗಿಲು ತಟ್ಟುತ್ತದೆ. ದೊಡ್ಡಪತ್ರೆಯನ್ನು ತಂಬುಳಿಗೆ ಬಿಟ್ಟುಕೊಡೋಣ. ಕರಾವಳಿಯ ಕಡೆ ಒಂದೆಲಗವನ್ನು ಅರೆದು ಬೆಲ್ಲ ಹಾಕಿ ಕುಡಿಯುತ್ತಾರೆ. ಅದರ ಹಸಿರು ರುಚಿಗೆ ಒಂದು ಗಾಂಭೀರ್ಯವಿದೆ, ಆದರೆ ಹಣ್ಣಿನ ಜೊತೆ ಅದು ಹರಟೆಗೆ ಕೂರುವುದಿಲ್ಲ.

ನನ್ನ ಮತ ಮಜ್ಜಿಗೆಹುಲ್ಲಿಗೆ ಮತ್ತು ಕಾಮಕಸ್ತೂರಿಗೆ. ಮಜ್ಜಿಗೆಹುಲ್ಲಿನ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಸಿಟ್ರಾಲ್. ನಿಂಬೆಯ ಸಿಪ್ಪೆಗೆ ನಿಂಬೆಯ ವಾಸನೆ ತಂದುಕೊಡುವುದರಲ್ಲಿಯೂ ಅದೇ ಸಿಟ್ರಾಲಿನ ಕೈಯಿದೆ. ಎಂದರೆ ಈ ಹುಲ್ಲು ಹೊಸದೊಂದು ವಾಸನೆ ತರುವುದಿಲ್ಲ, ನಿಂಬೆ ಎತ್ತಿಕೊಂಡ ಸ್ವರಕ್ಕೇ ಶ್ರುತಿ ಹಿಡಿಯುತ್ತದೆ. ಎರಡು ಗರಿ ಸಾಕು. ಗಂಟು ಕಟ್ಟಿ, ಅರ್ಧ ಲೋಟ ಬಿಸಿನೀರಿಗೆ ಹಾಕಿ, ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಿ. ಕುದಿಸಬೇಡಿ, ಕುದಿಸಿದರೆ ಪರಿಮಳ ಪಕ್ಕದ ಮನೆಗೆ ಹೋಗುತ್ತದೆ, ಹುಲ್ಲಿನ ಸಪ್ಪೆ ನಿಮಗೆ ಉಳಿಯುತ್ತದೆ. ತಣಿದ ಮೇಲೆ ಸೋಸಿ, ಆ ನೀರಿನಲ್ಲಿಯೇ ಸಕ್ಕರೆ ಕರಗಿಸಿ. ಹಿತ್ತಲಲ್ಲಿ ನಿಂಬೆಗಿಡ ಇದ್ದವರು ಮಜ್ಜಿಗೆಹುಲ್ಲಿಗೂ ಅಲೆಯಬೇಕಾಗಿಲ್ಲ. ನೀರುಮಜ್ಜಿಗೆಗೆ ಕಿವುಚಿ ಹಾಕುವ ನಿಂಬೆಯ ಎಲೆಯನ್ನೇ ಇಲ್ಲಿಯೂ ಹಾಕಬಹುದು. ನಡುವಿನ ನರ ತೆಗೆದು ಎರಡೇ ಎಲೆ.

ಕಾಮಕಸ್ತೂರಿಯ ಎಲೆಯ ರೀತಿ ಬೇರೆ. ಅದು ಬಿಸಿಯನ್ನು ತಾಳದು, ಚಾಕುವನ್ನೂ ಸಹಿಸದು, ಕೊಯ್ದ ಅಂಚು ಕಪ್ಪಾಗುತ್ತದೆ. ಅಂಗೈಯಲ್ಲಿಟ್ಟು ಇನ್ನೊಂದು ಅಂಗೈಯಿಂದ ಒಮ್ಮೆ ತಟ್ಟಿ, ಪಾನಕಕ್ಕೆ ಬಿಟ್ಟು, ಕುಡಿಯುವ ಮುನ್ನ ತೆಗೆದುಬಿಡಿ. ನಾಲ್ಕೇ ಎಲೆ. ಎಲೆ ಲೋಟದಲ್ಲಿ ಕಾಣಬಾರದು ಎಂಬುದು ನನ್ನ ಹಟ. ಅದು ಬಂದು ಹೋಗಿದೆ ಎಂದು ಮೂಗಿಗೆ ಗೊತ್ತಾದರೆ ಆಯಿತು. ಆ ಗಿಡದ ಬೀಜ ಮಾತ್ರ ಲೋಟದಲ್ಲಿರಲಿ. ಒಂದು ಚಮಚ ಬೀಜವನ್ನು ನೀರಿಗೆ ಹಾಕಿ ಕಾಲು ಗಂಟೆ ಬಿಟ್ಟರೆ ಪ್ರತಿಯೊಂದೂ ಪಾರದರ್ಶಕ ಅಂಗಿ ತೊಟ್ಟು ಉಬ್ಬುತ್ತದೆ. ಅದಕ್ಕೆ ರುಚಿಯಿಲ್ಲ, ನಾಲಿಗೆಯ ಮೇಲೆ ಜಾರುವ ಸುಖವಿದೆ.

ಕೊನೆಗೆ ಎಲ್ಲವನ್ನೂ ಸೇರಿಸಿ, ಅರ್ಧ ಲೀಟರಿನಷ್ಟು ತಣ್ಣೀರು ಹಾಕಿ, ಎರಡು ಏಲಕ್ಕಿಯ ಪುಡಿ, ಒಂದು ಚಿಟಿಕೆ ಉಪ್ಪು. ಉಪ್ಪು ರುಚಿಗಲ್ಲ. ಉಳಿದಿರಬಹುದಾದ ಕಹಿಯನ್ನು ಅದು ಅಡಗಿಸುತ್ತದೆ, ಕಹಿ ಅಡಗಿದಾಗ ಸಿಹಿ ತಾನಾಗಿ ಮುಂದೆ ಬರುತ್ತದೆ. ಉಪ್ಪು ಹಾಕಿದ್ದು ನಾಲಿಗೆಗೆ ಗೊತ್ತಾಯಿತೆಂದರೆ ಹೆಚ್ಚಾಯಿತು.

ಇಷ್ಟೆಲ್ಲ ಯಾಕೆ ಅಳೆದು ತೂಗಬೇಕು ಎಂದು ಕೇಳುವವರಿಗೆ ಕಾಶ್ಮೀರದ ಆಲಂಕಾರಿಕರನ್ನು ತೋರಿಸಬಹುದು. ಕಾವ್ಯದ ರಸ ಹೇಗಿರುತ್ತದೆ ಎಂದು ವಿವರಿಸಬೇಕಾಗಿ ಬಂದಾಗ ಅಭಿನವಗುಪ್ತನೂ ಅವನ ಹಿಂದೆ ಬಂದ ಮಮ್ಮಟನೂ ಕೈಚಾಚಿದ್ದು ಪಾನಕದ ಲೋಟಕ್ಕೆ. ವಿಭಾವ, ಅನುಭಾವ, ವ್ಯಭಿಚಾರಿಭಾವಗಳು ಕೂಡಿ ರಸವಾಗುವುದನ್ನು ಅವರು ಪಾನಕರಸಕ್ಕೆ ಹೋಲಿಸಿದರು. ಬೆಲ್ಲ, ಮೆಣಸು ಎಲ್ಲವೂ ಅದರಲ್ಲಿವೆ; ಸವಿಯುವ ಹೊತ್ತಿಗೆ ಯಾವುದೂ ಬೇರೆಯಾಗಿ ಸಿಗುವುದಿಲ್ಲ; ಸಿಗುವ ರುಚಿ ಅವುಗಳಲ್ಲಿ ಯಾವುದರದ್ದೂ ಅಲ್ಲ. ಪ್ರಪಂಚದಲ್ಲಿ ಬೇರೆ ಯಾವ ಪೇಯಕ್ಕೆ ಸೌಂದರ್ಯಶಾಸ್ತ್ರದಲ್ಲಿ ಇಷ್ಟು ದೊಡ್ಡ ಸ್ಥಾನ ಸಿಕ್ಕಿದೆಯೋ ಕಾಣೆ. ನಮ್ಮ ನಾಡಿನವರೂ ಹಿಂದೆ ಬಿದ್ದವರಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ನೀರನ್ನೇ ಒಂದು ಭೋಗವೆಂದು ಎಣಿಸಿ, ಅದಕ್ಕೆ ಪರಿಮಳ ಕಟ್ಟುವ ಬಗೆಯನ್ನು ಬರೆದ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ಸೂಪಶಾಸ್ತ್ರ ಬರೆದಾಗ ಪಾನಕಗಳನ್ನು ಮರೆಯಲಿಲ್ಲ. ರಾಜನೂ ಕವಿಯೂ ಕೂತು ಯೋಚಿಸಿದ ವಸ್ತುವಿಗೆ ನಾವು ಅರ್ಧ ಗಂಟೆ ಕೊಡಲಾರೆವೆ?

ಆಲಂಕಾರಿಕರ ಜೊತೆ ನನಗೊಂದು ಸಣ್ಣ ತಕರಾರೂ ಇದೆ. ಒಂದಾಗುವುದು ನಿಜ, ಆದರೆ ಒಳ್ಳೆಯ ಪಾನಕ ಬರುವಾಗಲೂ ಹೋಗುವಾಗಲೂ ಸಾಲುಗಟ್ಟಿಯೇ ನಡೆಯುತ್ತದೆ. ಲೋಟ ತುಟಿಗೆ ಬರುವ ಮೊದಲು ಎಲೆ; ನಾಲಿಗೆಯ ಮೇಲೆ ಎಲ್ಲ ಬೆರೆತ ಆ ಒಂದು ರುಚಿ; ನುಂಗಿದ ಮೇಲೆ, ಉಸಿರು ಹೊರಗೆ ಬರುವಾಗ, ಕರಬೂಜ ಒಂಟಿಯಾಗಿ ತಿರುಗಿ ನೋಡುತ್ತದೆ. ಪುದೀನ ಹಾಕಿದರೆ ತಪ್ಪಿಹೋಗುವುದು ಈ ಕೊನೆಯ ನೋಟ.

ಇದು ದಕ್ಕಬೇಕಾದರೆ ಮಂಜುಗಡ್ಡೆಯನ್ನು ದೂರ ಇಡಬೇಕು. ತೀರ ತಣ್ಣಗಿನ ನಾಲಿಗೆಗೆ ಸಿಹಿ ಮಂದವಾಗುತ್ತದೆ, ಪರಿಮಳ ಮೇಲೇಳುವುದಿಲ್ಲ. ಆಗ ಇನ್ನಷ್ಟು ಸಕ್ಕರೆ ಬೇಕೆನಿಸುತ್ತದೆ. ಅಂಗಡಿಯ ತಂಪು ಪಾನೀಯಗಳಲ್ಲಿ ಅಷ್ಟೊಂದು ಸಕ್ಕರೆ ನುಸುಳುವುದೂ ಹೀಗೆಯೇ. ಸೋಡಾ ಸುರಿದರೆ ಗುಳ್ಳೆಗಳ ಚುಚ್ಚಿನಲ್ಲಿ ಎಲೆ ಕಳೆದುಹೋಗುತ್ತದೆ. ಮಣ್ಣಿನ ಹೂಜಿಯ ತಂಪು ಪಾನಕಕ್ಕೆ ಹೇಳಿ ಮಾಡಿಸಿದ್ದು. ಹೂಜಿಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಗಾಳಿ ಒಣಗಿದಷ್ಟೂ ಈ ಕೆಲಸ ಚುರುಕು. ಆದ್ದರಿಂದ ಕಲಬುರಗಿ, ರಾಯಚೂರುಗಳಲ್ಲಿ ಹೂಜಿ ನೀರು ಹಲ್ಲು ಜುಮ್ಮೆನಿಸಿದರೆ, ಮಂಗಳೂರಿನ ಬೆವರಿನ ಗಾಳಿಯಲ್ಲಿ ಅದು ಸುಮ್ಮನೆ ಕೂತಿರುತ್ತದೆ. ಅಲ್ಲಿಯವರಿಗೆ ಪುನರ್ಪುಳಿಯ ಕೆಂಪು ಶರಬತ್ತು ಇದೆ, ಅದಕ್ಕೆ ಯಾರ ಅನುಕಂಪವೂ ಬೇಡ. ಹೂಜಿಯ ನೀರಿಗೆ ಹಿಂದಿನ ರಾತ್ರಿಯೇ ನಾಲ್ಕು ಎಳೆ ಲಾವಂಚದ ಬೇರು ಹಾಕಿಟ್ಟರೆ, ಮಳೆ ಬಿದ್ದ ನೆಲದ ವಾಸನೆಗೆ ಹತ್ತಿರದ ಒಂದು ತಳ ಸಿಗುತ್ತದೆ. ಆದರೆ ಆ ದಿನ ಏಲಕ್ಕಿಗೆ ರಜೆ ಕೊಡಿ.

ಮಾಡಿದ ಪಾನಕವನ್ನು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಮಧ್ಯಾಹ್ನ ಮೂರೂವರೆಯ ಹೊತ್ತು ಪ್ರಶಸ್ತ, ಊಟ ಇಳಿದಿರುತ್ತದೆ, ಕಾಫಿ ಇನ್ನೂ ಹತ್ತಿರ ಬಂದಿರುವುದಿಲ್ಲ. ಕಾಫಿಯ ಹಿಂದೆ ಪಾನಕ ಕುಡಿಯುವವರನ್ನು ನಾನು ಕಂಡಿದ್ದೇನೆ, ಅವರೊಂದಿಗೆ ವಾದಿಸುವುದಿಲ್ಲ. ಫ್ರಿಜ್ಜಿನಲ್ಲಿ ಇಟ್ಟು ಮರುದಿನ ತೆಗೆದರೆ ಕರಬೂಜ ತಳಕ್ಕಿಳಿದು, ನಿಂಬೆ ಮುಪ್ಪಾಗಿ, ಎಲೆ ಹೇಳದೆ ಕೇಳದೆ ಹೊರಟುಹೋಗಿರುತ್ತದೆ. ಹಿಂಡಿ ಉಳಿದ ಸಿಪ್ಪೆಗಳಲ್ಲಿ ತುರಿಯದೆ ಬಿಟ್ಟವನ್ನು ಆರಿಸಿ, ಸಣ್ಣಗೆ ಹೆಚ್ಚಿ, ಕಲ್ಲುಪ್ಪು ಬೆರೆಸಿ ಭರಣಿಗೆ ತುಂಬಿ. ರಸ ಬೇಕಾದರೆ ಅರ್ಧ ನಿಂಬೆ ಹಿಂಡಿ, ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗಿಟ್ಟರೆ ಆಷಾಢದ ಗಂಜಿಗೆ ಉಪ್ಪಿನಕಾಯಿ ಸಿದ್ಧವಾಗುತ್ತದೆ. ದಿನಕ್ಕೊಮ್ಮೆ ಕುಲುಕುವುದನ್ನು ಮರೆಯದಿದ್ದರೆ ಸರಿ.